ಟೋಕಿಯೊಗೆ ಹೋಗಲು ಹನ್ನೊಂದೂವರೆ ಗಂಟೆ, ಬರಲು ಆರೇ ಗಂಟೆಯೆ?

ಪ್ರಶ್ನೆ: ಟೋಕಿಯೊದಲ್ಲಿರುವ ಮಗಳನ್ನು ನೋಡಲು ಹೊರಟಿದ್ದೇವೆ. ಏಜೆಂಟರು ತೋರಿಸಿದ ನೇರ ವಿಮಾನ ಬೆಂಗಳೂರಿನಿಂದ ನಸುಕಿನ 2ಕ್ಕೆ ಹೊರಟು ಮಧ್ಯಾಹ್ನ 1.30ಕ್ಕೆ ತಲುಪುತ್ತದೆ. ಬರುವಾಗ ಬೆಳಿಗ್ಗೆ 11ಕ್ಕೆ ಹೊರಟು ಸಂಜೆ 5ಕ್ಕೆ ಇಳಿಯುತ್ತದೆ. ಇಷ್ಟು ವ್ಯತ್ಯಾಸವೇಕೆ?
– ಚಿಕ್ಕಮಗಳೂರಿನ ಓದುಗರು

ಉತ್ತರ: ವ್ಯತ್ಯಾಸವಿರುವುದು ನಿಜ, ಆದರೆ ನೀವು ಎಣಿಸಿದ್ದಕ್ಕೆ ತಿರುಗುಮುರುಗಾಗಿ, ಹೆಚ್ಚು ಹೊತ್ತು ಹಿಡಿಯುವುದು ಬರುವ ಪ್ರಯಾಣಕ್ಕೆ. ಟಿಕೆಟ್ಟಿನಲ್ಲಿ ಹೊರಡುವ ವೇಳೆಯನ್ನು ಹೊರಡುವ ಊರಿನ ಗಡಿಯಾರದಂತೆಯೂ ತಲುಪುವ ವೇಳೆಯನ್ನು ತಲುಪುವ ಊರಿನ ಗಡಿಯಾರದಂತೆಯೂ ಮುದ್ರಿಸುತ್ತಾರೆ. ಭಾರತದ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶವನ್ನೂ ಜಪಾನಿನದು 135 ಡಿಗ್ರಿಯನ್ನೂ ಆಧರಿಸಿದೆ; ಹದಿನೈದು ಡಿಗ್ರಿಗೆ ಒಂದು ಗಂಟೆಯಂತೆ ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅದನ್ನು ಹೋಗುವಾಗ ಕಳೆದು ಬರುವಾಗ ಕೂಡಿದರೆ, ಹೋಗಲು 8 ಗಂಟೆ, ಬರಲು ಒಂಬತ್ತೂವರೆ ಗಂಟೆ ಎಂಬ ನಿಜವಾದ ಲೆಕ್ಕ ಸಿಗುತ್ತದೆ.

ಉಳಿದ ಒಂದೂವರೆ ಗಂಟೆ ಗಾಳಿಯದು. ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹಾರುವ ವಿಮಾನಕ್ಕೆ ಊರೇ ಎದುರು ಬರಬೇಕಲ್ಲವೆ ಎಂದು ಹಲವರು ಕೇಳುತ್ತಾರೆ. ವಾತಾವರಣವೂ ಭೂಮಿಯೊಂದಿಗೇ ತಿರುಗುವುದರಿಂದ ಹಾಗಾಗುವುದಿಲ್ಲ. ನಿಜವಾದ ಕಾರಣ, ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಎಂದರೆ ನಿಮ್ಮ ಮುಳ್ಳಯ್ಯನಗಿರಿಯ ಐದಾರು ಪಟ್ಟು ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಜೆಟ್ ಸ್ಟ್ರೀಮ್ ಎಂಬ ಗಾಳಿ. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಸಾಮಾನ್ಯ. ಇದನ್ನು 1920ರ ದಶಕದಲ್ಲೇ ಬಲೂನು ಹಾರಿಸಿ ಅಳೆದವರು ಜಪಾನಿನ ವಾಸಾಬುರೊ ಓಇಶಿ. ಜಗತ್ತೆಲ್ಲ ಓದಲೆಂದು ಅವರು ವರದಿಯನ್ನು ಎಲ್ಲ ದೇಶದವರಿಗೂ ಸಾಮಾನ್ಯವಾಗಲೆಂದು ರೂಪಿಸಿದ, ಆದರೆ ಕೆಲವರಷ್ಟೇ ಕಲಿತ ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ಬರೆದರು, ಆ ಕಾರಣಕ್ಕೇ ಅದನ್ನು ಹೊರಗಿನವರು ಓದಲಿಲ್ಲ!

ಬೆಂಗಳೂರಿನಿಂದ ಟೋಕಿಯೊದ ನರಿಟಾ ನಿಲ್ದಾಣಕ್ಕೆ ನೇರ ದೂರ ಸುಮಾರು 6,700 ಕಿ.ಮೀ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದೂ ದಾರಿಯುದ್ದಕ್ಕೂ ಗಾಳಿಯ ವೇಗ ಸರಾಸರಿ 100 ಕಿ.ಮೀ. ಎಂದೂ ಹಿಡಿದರೆ, ಹೋಗುವಾಗ 6 ಗಂಟೆ 42 ನಿಮಿಷ, ಬರುವಾಗ 8 ಗಂಟೆ 22 ನಿಮಿಷ ಬೇಕು. ಏರುವ, ಇಳಿಯುವ, ರನ್‌ವೇಗೆ ಸಾಗುವ ಹೊತ್ತನ್ನೂ ದಾರಿಯ ಬಳಸನ್ನೂ ಸೇರಿಸಿದರೆ ನಿಮ್ಮ ಟಿಕೆಟ್ಟಿನ ಲೆಕ್ಕಕ್ಕೆ ಹತ್ತಿರವಾಗುತ್ತದೆ. ಮುಂಗಾರಿನಲ್ಲಿ ಈ ಗಾಳಿ ಉತ್ತರಕ್ಕೆ ಸರಿದು ದುರ್ಬಲವಾಗುವುದರಿಂದಲೂ, ದಕ್ಷಿಣ ಭಾರತದ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಇನ್ನೊಂದು ಜೆಟ್ ಗಾಳಿ ಏಳುವುದರಿಂದಲೂ, ಅಂತರ ಕಡಿಮೆಯಾಗುತ್ತದೆ.

ಹಾಸನ, ಚನ್ನರಾಯಪಟ್ಟಣ, ನೆಲಮಂಗಲದ ದಾರಿಯಲ್ಲಿ ನಿಮ್ಮೂರಿನಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಸುಮಾರು ಆರು ಗಂಟೆ ಬೇಕು. ನಸುಕಿನ 2ರ ವಿಮಾನಕ್ಕೆ ಹಿಂದಿನ ದಿನ ಸಂಜೆ ನಾಲ್ಕಕ್ಕೆಲ್ಲ ಹೊರಡಬೇಕು. ಬರುವ ದಿನ ಸಂಜೆ 5ಕ್ಕೆ ಇಳಿದರೂ ತಪಾಸಣೆ ಮುಗಿಸಿ ಮನೆ ಮುಟ್ಟುವಾಗ ನಡುರಾತ್ರಿಯಾಗುವುದರಿಂದ, ವಾಹನವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.