ಟ್ರೇಸ್ ಇದೆ, ಪಿಡಿಬಿ ಎಲ್ಲಿದೆ?

"ಸಾರ್, ಲಾಗ್ ಕರಪ್ಟ್ ಆಗಿದೆ, ಎಲ್ಲ ಸಾಲಲ್ಲೂ ಅನ್‌ನೋನ್ ಅಂತಲೇ ಬರ್ತಿದೆ." ವಿಂಡೋಸ್ ಡ್ರೈವರ್ ಕೆಲಸಕ್ಕೆ ಹೊಸದಾಗಿ ಬಂದವರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ. ಲಾಗ್ ಕೆಟ್ಟಿರುವುದಿಲ್ಲ. ಕಾರಣ ಅದೇ ಸಾಲಿನ ತುದಿಯಲ್ಲಿರುತ್ತದೆ: 'ನೋ ಫಾರ್ಮ್ಯಾಟ್ ಇನ್ಫರ್ಮೇಶನ್ ಫೌಂಡ್'. ಅಲ್ಲಿಯವರೆಗೆ ಯಾರೂ ಓದುವುದಿಲ್ಲ, ಅಷ್ಟೆ.

ಡ್ರೈವರ್ ಓಡುವಾಗ ಏನಾಯಿತೆಂದು ದಾಖಲಿಸಲು ಡಬ್ಲ್ಯುಪಿಪಿ ಟ್ರೇಸಿಂಗ್ ಬಳಸಿದಾಗ, ಸೋರ್ಸ್‌ನಲ್ಲಿ ನಾವು ಬರೆದ "ರೀಡ್ ವಿಫಲ, ಎಂಡ್‌ಪಾಯಿಂಟ್ ಇಂಥದ್ದು" ಎಂಬ ವಾಕ್ಯ ಡ್ರೈವರ್ ಫೈಲ್‌ನೊಳಗೆ ಹೋಗುವುದೇ ಇಲ್ಲ. ಬಿಲ್ಡ್ ಆಗುವಾಗ ಅದು ಪಿಡಿಬಿ ಎಂಬ ಬೇರೆಯೇ ಡೀಬಗ್ ಮಾಹಿತಿ ಫೈಲ್ ಸೇರುತ್ತದೆ. ಡ್ರೈವರ್‌ನಲ್ಲಿ ಉಳಿಯುವುದು ಒಂದು ಜಿಯುಐಡಿ (ಉದ್ದನೆಯ ಗುರುತಿನ ಸಂಖ್ಯೆ), ಒಂದು ಮೆಸೇಜ್ ನಂಬರ್. ಡ್ರೈವರ್ ಓಡುವಾಗ ಇವೆರಡರ ಜೊತೆ ಆ ಹೊತ್ತಿನ ವೇರಿಯಬಲ್‌ಗಳ ಬೆಲೆ ಬೈನರಿ ರೂಪದಲ್ಲಿ ಇಟಿಎಲ್ ಎಂಬ ಟ್ರೇಸ್ ಫೈಲ್‌ಗೆ ಬೀಳುತ್ತದೆ. ಕರ್ನಲ್‌ನಲ್ಲಿ ಸ್ಟ್ರಿಂಗ್ ಕಟ್ಟುವ ಗೋಜಿಲ್ಲದ್ದರಿಂದಲೇ ಇದನ್ನು ಗ್ರಾಹಕರ ಕೈಗೆ ಹೋಗುವ ಡ್ರೈವರ್‌ನಲ್ಲೂ ಬಿಡಬಹುದು. ಬೆಲೆ ಒಂದು ಕಡೆ, ವಾಕ್ಯ ಇನ್ನೊಂದು ಕಡೆ. ಎರಡನ್ನೂ ಕೂಡಿಸಿ ಓದಲು ಕೊಡುವುದು ಡಬ್ಲ್ಯುಡಿಕೆ (ವಿಂಡೋಸ್ ಡ್ರೈವರ್ ಬರೆಯುವ ಕಿಟ್) ಜೊತೆ ಬರುವ ಟ್ರೇಸ್‌ಎಫ್‌ಎಂಟಿ ಎಂಬ ಕಮಾಂಡ್ ಲೈನ್ ಟೂಲ್.

ಬಳಸುವುದು ಸುಲಭ. ಅಡ್ಮಿನ್ ಪ್ರಾಂಪ್ಟ್‌ನಲ್ಲಿ ಟ್ರೇಸ್ ಹಿಡಿಯುವ ಟೂಲ್ ಟ್ರೇಸ್‌ಲಾಗ್‌ಗೆ ಸೆಶನ್ ಹೆಸರು, ಪ್ರೊವೈಡರ್ (ಟ್ರೇಸ್ ಕೊಡುವ ನಮ್ಮ ಡ್ರೈವರ್) ಜಿಯುಐಡಿ, ಇಟಿಎಲ್ ಫೈಲ್ ಹೆಸರು, ಫ್ಲ್ಯಾಗ್, ಲೆವೆಲ್ ಕೊಟ್ಟು ಶುರು ಮಾಡಿ. ಲೆವೆಲ್ 2 ಎಂದರೆ ಎರರ್‌ವರೆಗೆ, 5 ಎಂದರೆ ಎಲ್ಲವೂ. ತೊಂದರೆ ಮರುಕಳಿಸಿದ ಮೇಲೆ ಸೆಶನ್ ನಿಲ್ಲಿಸಿ. ವಿಂಡೋ ಮುಚ್ಚಿದರೆ ಅದು ನಿಲ್ಲುವುದಿಲ್ಲ. ಆಮೇಲೆ ಇಟಿಎಲ್ ಮತ್ತು ಪಿಡಿಬಿ ಎರಡನ್ನೂ ಟ್ರೇಸ್‌ಎಫ್‌ಎಂಟಿಗೆ ಕೊಟ್ಟರೆ ಒಂದು ಟೆಕ್ಸ್ಟ್ ಫೈಲ್, ಒಂದು ಸಮ್ಮರಿ ಫೈಲ್ ಸಿಗುತ್ತದೆ. ನಾನು ಮೊದಲು ತೆರೆಯುವುದು ಸಮ್ಮರಿಯನ್ನೇ. 'ಇವೆಂಟ್ಸ್ ಲಾಸ್ಟ್' ಎದುರು ಸೊನ್ನೆ ಇರದಿದ್ದರೆ, "ಈ ಫಂಕ್ಷನ್ ಕರೆದೇ ಇಲ್ಲ" ಎಂದು ವಾದಿಸುವ ಹಕ್ಕು ನಮಗಿಲ್ಲ. ಬಫರ್ ಹೆಚ್ಚಿಸಿ ಮತ್ತೆ ಹಿಡಿಯಬೇಕು.

ಇನ್ನು ಸಾಲು ಓದುವ ಬಗೆ. ಒಂದು ಸಾಲು ಹೀಗೆ ಶುರುವಾಗುತ್ತದೆ ಎನ್ನಿ:

[2]0004.0318::

2 ಎಂದರೆ ಪ್ರೊಸೆಸರ್ ನಂಬರ್, 0004 ಪ್ರೊಸೆಸ್ ಐಡಿ, 0318 ಥ್ರೆಡ್ ಐಡಿ, ಐಡಿಗಳೆರಡೂ ಹೆಕ್ಸ್‌ನಲ್ಲಿ. ಆಮೇಲೆ ದಿನ, ವೇಳೆ, ಕಾಂಪೊನೆಂಟ್ ಹೆಸರು, ಕೊನೆಗೆ ನಮ್ಮ ವಾಕ್ಯ. 4 ಎಂದರೆ ಸಿಸ್ಟಮ್ ಪ್ರೊಸೆಸ್. ಆದರೆ ಇದನ್ನು ನೆಚ್ಚಿ ಯಾರ ಮೇಲೂ ತಪ್ಪು ಹೊರಿಸಬೇಡಿ. ಇಂಟರಪ್ಟ್ ಮತ್ತು ಡಿಪಿಸಿ (ಇಂಟರಪ್ಟ್ ಸ್ವಲ್ಪ ಮುಂದಕ್ಕೆ ಹಾಕಿದ ಕೆಲಸ) ಆ ಕ್ಷಣಕ್ಕೆ ಆ ಸಿಪಿಯು ಮೇಲೆ ಯಾವ ಥ್ರೆಡ್ ಇತ್ತೋ ಅದರ ಹೆಸರಲ್ಲೇ ಓಡಿ ಮುಗಿಯುತ್ತವೆ. ಬ್ರೌಸರ್‌ನ ಪ್ರೊಸೆಸ್ ಐಡಿ ನೋಡಿ ಎರಡು ದಿನ ಬ್ರೌಸರ್‌ನ ಬೆನ್ನು ಹತ್ತಿದವರಲ್ಲಿ ನಾನೂ ಒಬ್ಬ.

ಅನ್‌ನೋನ್ ಸಾಲಿನಲ್ಲಿ ಕಾಣುವ ಜಿಯುಐಡಿ ಇನ್ನೊಂದು ಗೊಂದಲದ ಮೂಲ. ಅದನ್ನು ಪ್ರೊವೈಡರ್ ಜಿಯುಐಡಿ ಜೊತೆ ಹೋಲಿಸಿ, "ಇದು ನಮ್ಮ ಡ್ರೈವರ್‌ದೇ ಅಲ್ಲ" ಎಂದು ಕೈತೊಳೆದುಕೊಳ್ಳುವವರಿದ್ದಾರೆ. ಎರಡೂ ಬೇರೆ. ಪ್ರೊವೈಡರ್ ಜಿಯುಐಡಿ ಟ್ರೇಸ್ ಆನ್ ಮಾಡಲು. ಇದು ಮೆಸೇಜ್‌ನ ವಾಕ್ಯ ಹುಡುಕಲು. ಅರ್ಧ ಸಾಲುಗಳು ಸರಿಯಾಗಿ ಬಂದು ಉಳಿದರ್ಧ ಅನ್‌ನೋನ್ ಆದರೆ, ಪಿಡಿಬಿ ಬೇರೆ ಬಿಲ್ಡ್‌ನದು ಎಂಬುದೇ ನನ್ನ ಮೊದಲ ಅನುಮಾನ. ಒಂದೂ ಬಾರದಿದ್ದರೆ, ಖಾಸಗಿ ವಿವರ ತೆಗೆದುಹಾಕಿದ ಪಬ್ಲಿಕ್ ಪಿಡಿಬಿ ಕೊಟ್ಟಿದ್ದೀರಾ ನೋಡಿ. ವಾಕ್ಯಗಳೂ ಆ ವಿವರದ ಜೊತೆಗೇ ಹೋಗಿಬಿಟ್ಟಿರುತ್ತವೆ.

ಪಿಡಿಬಿಯನ್ನು ಗ್ರಾಹಕರಿಗೆ ಕಳಿಸುವ ಅಗತ್ಯವಿಲ್ಲ. ಅವರು ಇಟಿಎಲ್ ಕಳಿಸಿದರೆ ಸಾಕು, ಓದುವುದು ನಮ್ಮ ಮಷೀನ್‌ನಲ್ಲಿ. ನಮ್ಮಲ್ಲಿ ಪಿಡಿಬಿ ಇರಬೇಕು, ಅಷ್ಟೆ. ಹಿಂದೆ ನನ್ನದೇ ತಂಡದಲ್ಲಿ, ಅಪರೂಪಕ್ಕೆ ಬರುವ ಒಂದು ಹ್ಯಾಂಗ್‌ನ ಟ್ರೇಸ್ ಕಡೆಗೂ ಗ್ರಾಹಕರಿಂದ ಬಂತು. ಅಷ್ಟರಲ್ಲಿ ಜಾಗ ಸಾಲದೆಂದು ಬಿಲ್ಡ್ ಮಷೀನ್‌ನ ಹಳೆಯ ಫೋಲ್ಡರ್‌ಗಳನ್ನು ನಾನೇ ಅಳಿಸಿದ್ದೆ. ಪರದೆಯ ತುಂಬ ಅನ್‌ನೋನ್ 17, ಅನ್‌ನೋನ್ 18, ಮತ್ತೆ 17. ಏನೋ ಸುತ್ತು ಹೊಡೆಯುತ್ತಿದೆ ಎಂದಷ್ಟೇ ತಿಳಿಯಿತು. ಹೊಸ ಬಿಲ್ಡ್ ಕಳಿಸಿ, ಹ್ಯಾಂಗ್ ಮತ್ತೆ ಬರಲಿ ಎಂದು ಮೂರು ವಾರ ಕಾದೆವು.