ಅದೇ ಮುಸ್ತಫಾ ಫೋನಿನಲ್ಲಿ ಯಾಕೆ ರುಚಿಸುವುದಿಲ್ಲ?

ಪ್ರಶ್ನೆ: ಶಾಲೆಗೆ ಹೋಗುವ ಕಾಲದಲ್ಲಿ ಕುಂಬಳೆ ಪೇಟೆಯ ಗೇಮ್ ಅಂಗಡಿಯಲ್ಲಿ ‘ಮುಸ್ತಫಾ’ ಆಡುತ್ತಿದ್ದೆ. ಈಗ ಅದೇ ಆಟ ಫೋನಿನಲ್ಲಿದೆ, ಆದರೆ ಹತ್ತು ನಿಮಿಷಕ್ಕೇ ಬೇಸರ ಬರುತ್ತದೆ. ಯಾಕೆ? ಆ ಅಂಗಡಿಗಳೆಲ್ಲ ಯಾಕೆ ಮುಚ್ಚಿದವು?

ಉತ್ತರ: ಉಪ್ಪಳ, ಬದಿಯಡ್ಕ, ಕಾಸರಗೋಡು ಕಡೆಯ ನನ್ನ ಓರಗೆಯವರು ಸಿಕ್ಕಾಗೆಲ್ಲ ಇದೇ ಮಾತು ಬರುತ್ತದೆ. ನಾವು ಮುಸ್ತಫಾ ಎನ್ನುತ್ತಿದ್ದ ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೊಸಾರ್ಸ್’. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದದ್ದು. ಆರಿಸಿಕೊಳ್ಳಲು ಇದ್ದ ನಾಲ್ವರಲ್ಲಿ ನಮ್ಮ ಊರಿನಲ್ಲಿ ಕೇಳಿ ಗೊತ್ತಿದ್ದ ಹೆಸರು ಹಳದಿ ಟೋಪಿಯವನದ್ದು ಮಾತ್ರ, ಹಾಗಾಗಿ ಆಟಕ್ಕೇ ಅವನ ಹೆಸರು ಬಿತ್ತು.

ಈ ಆಟಗಳನ್ನು ಕಟ್ಟಿದ್ದೇ ಕಾಯಿನ್ ಲೆಕ್ಕದಲ್ಲಿ. ಒಂದೇ ಕಾಯಿನ್ನಿಗೆ ಒಬ್ಬ ಹುಡುಗ ಅರ್ಧ ಗಂಟೆ ನಿಂತರೆ ಅಂಗಡಿಯವನಿಗೆ ಗಿಟ್ಟುವುದಿಲ್ಲ. ಅದಕ್ಕೇ ವೈರಿಗಳು ಎರಡೂ ಕಡೆಯಿಂದ ಗುಂಪಾಗಿ ನುಗ್ಗುತ್ತಾರೆ, ಸತ್ತಕೂಡಲೇ ‘ಇನ್ನೊಂದು ಕಾಯಿನ್ ಹಾಕು’ ಎಂಬಂತೆ ಪರದೆಯ ಮೇಲೆ ಒಂಬತ್ತು, ಎಂಟು, ಏಳು ಎಂದು ಎಣಿಕೆ ಇಳಿಯುತ್ತದೆ. ಫೋನಿನಲ್ಲಿ ಕಾಯಿನ್ ಎಂದರೆ ಬರೀ ಒಂದು ಗುಂಡಿ, ಎಷ್ಟು ಸಲ ಬೇಕಾದರೂ ಒತ್ತಬಹುದು. ಸಾಯುವ ಹೆದರಿಕೆ ಇಲ್ಲದ ಮೇಲೆ ತಪ್ಪಿಸಿಕೊಳ್ಳುವ ಜಾಣತನ ಯಾರಿಗೆ ಬೇಕು?

ನನ್ನ ಕಾಯಿನ್ ಬರುತ್ತಿದ್ದುದು ಬಸ್ಸಿನ ದುಡ್ಡಿನಿಂದ. ಕನ್ಸೆಷನ್ ಚಿಲ್ಲರೆ ಉಳಿಸಲು ಮಳೆಯಲ್ಲಿ ನಡೆದೇ ಬಂದು, ಕೊಡೆಯನ್ನು ಬಾಗಿಲ ಬದಿಗೆ ಒರಗಿಸಿ, ಒದ್ದೆ ಯೂನಿಫಾರ್ಮಿನಲ್ಲೇ ನಿಲ್ಲುತ್ತಿದ್ದೆ. ಜಾಯ್‌ಸ್ಟಿಕ್ಕಿನ ಕೆಂಪು ಉಂಡೆ ಎಂದೋ ಕಳಚಿಹೋಗಿತ್ತು. ಉಳಿದ ಕಬ್ಬಿಣದ ಕಡ್ಡಿಗೆ ಅಂಗಡಿಯವರು ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದರು. ಶಾಲೆಯಲ್ಲೂ ಕೈ ಮೂಸಿದರೆ ರಬ್ಬರಿನ ವಾಸನೆ. ನಾನು ಆಡುತ್ತಿದ್ದುದು ನಾಲ್ಕು ನಿಮಿಷ, ನಿಂತು ನೋಡುತ್ತಿದ್ದುದು ಒಂದು ಗಂಟೆ. ಹಿಂದಿನಿಂದ ಒಬ್ಬ ಮಲಯಾಳದಲ್ಲಿ ‘ಚಾಡೆಡಾ’ ಎಂದರೆ ಇನ್ನೊಬ್ಬ ತುಳುವಿನಲ್ಲಿ ‘ಲಾಗ್‌ಲ ಮಾರಾಯ’ ಎನ್ನುತ್ತಿದ್ದ, ಎರಡೂ ‘ಹಾರೋ’ ಎಂದೇ. ಹೆಸರು ಗೊತ್ತಿಲ್ಲದ ದೊಡ್ಡ ಹುಡುಗನೊಬ್ಬ ‘ಬಾಸ್ ಬರ್ತಾನೆ, ಬಂದೂಕು ಈಗಲೇ ಖಾಲಿ ಮಾಡ್ಬೇಡ’ ಎಂದು ಕಿವಿಯ ಹತ್ತಿರ ಬಂದು ಹೇಳಿದ್ದು ನನಗೆ ಇಂದಿಗೂ ನೆನಪಿದೆ. ಫೋನಿನಲ್ಲಿ ನಿಮಗೆ ಸಿಗದೆ ಇರುವುದು ಇದು ಎಂದೇ ನಾನು ನಂಬಿದ್ದೇನೆ.

ಇನ್ನು ಅಂಗಡಿಗಳ ಸಂಗತಿ. ಅಂಥ ಚಿತ್ರ, ಅಂಥ ಸದ್ದು ಮನೆಯ ಟಿವಿಯಲ್ಲಿ ಇಲ್ಲ ಎಂಬುದೇ ಅವುಗಳ ಬಂಡವಾಳವಾಗಿತ್ತು. 1994ರ ಕೊನೆಗೆ ಜಪಾನಿನಲ್ಲಿ ಪ್ಲೇಸ್ಟೇಷನ್ ಬಂದಮೇಲೆ ಆ ಅಂತರ ಕರಗತೊಡಗಿತು. ನಮ್ಮ ಕಡೆ ಗಲ್ಫಿನಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಟಿವಿ ಗೇಮುಗಳು ಬಂದವು. ಒಂದು ಮನೆಗೆ ಬಂದರೆ ಇಡೀ ಕೇರಿಯ ಮಕ್ಕಳು ಅಲ್ಲಿ. 1997ರಲ್ಲಿ ಮೇಮ್ ಎಂಬ ಉಚಿತ ತಂತ್ರಾಂಶ ಹುಟ್ಟಿತು. ಕ್ರಮೇಣ ಸಾಧಾರಣ ಕಂಪ್ಯೂಟರಿನಲ್ಲೇ ಈ ಹಳೆಯ ಆಟಗಳು ಓಡಿದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲಿನ ಕತೆ ಎಲ್ಲರಿಗೂ ಗೊತ್ತು.

ಯಂತ್ರಗಳಿಗೂ ವಯಸ್ಸಾಯಿತು. ತುಲಾಮಾಸದ ಸಿಡಿಲಿಗೆ ಬೋರ್ಡು ಸುಟ್ಟರೆ ರಿಪೇರಿ ಮಾಡುವವರಿಲ್ಲ, ಪಿಕ್ಚರ್ ಟ್ಯೂಬ್ ಹೋದರೆ ಹೊಸದು ಸಿಗುವುದಿಲ್ಲ. ಮುಸ್ತಫಾದ ಅಸಲಿ ಬೋರ್ಡಿನಲ್ಲಂತೂ ಒಂದು ಸಣ್ಣ ಬ್ಯಾಟರಿ ಇದೆ. ನಕಲು ತಡೆಯಲು ಇಟ್ಟ ಗುಪ್ತ ಕೀಲಿ ಅದರ ಬಲದಲ್ಲೇ ಉಳಿಯುತ್ತದೆ. ಬ್ಯಾಟರಿ ಸತ್ತರೆ ಕೀಲಿ ಅಳಿಸಿಹೋಗುತ್ತದೆ, ಆಮೇಲೆ ಆಟ ಸರಿಯಾಗಿ ಓಡುವುದಿಲ್ಲ.

ನಿಮಗೆ ಆ ರುಚಿ ಮತ್ತೆ ಬೇಕಿದ್ದರೆ, ಕುಂಬಳೆ ಬೆಡಿಗೆ, ಅಂದರೆ ದೇವಸ್ಥಾನದ ಜಾತ್ರೆಯ ಸಿಡಿಮದ್ದಿಗೆ, ಅಣ್ಣತಮ್ಮಂದಿರು ಊರಿಗೆ ಬಂದಾಗ ಆಟವನ್ನು ಟಿವಿಗೆ ಜೋಡಿಸಿ. ಒಬ್ಬೊಬ್ಬರಿಗೆ ಮೂರೇ ಕಾಯಿನ್. ಮುಗಿದವರು ಎದ್ದು ಹಿಂದೆ ನಿಂತು ನೋಡಬೇಕು.