ವೀಸಾಕ್ಕೆ ಬ್ಯಾಂಕಿನಲ್ಲಿ ಎಷ್ಟು ದುಡ್ಡು ತೋರಿಸಬೇಕು?

ಪ್ರಶ್ನೆ: ಹೊರದೇಶದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ವೀಸಾಕ್ಕೆ ಖಾತೆಯಲ್ಲಿ ದುಡ್ಡು ತೋರಿಸಬೇಕಂತೆ. ಎಷ್ಟು? ಅಷ್ಟೊಂದು ಮೊತ್ತ ಒಟ್ಟಿಗೆ ನಮ್ಮ ಹತ್ತಿರ ಇಲ್ಲ. ನೆಂಟರಿಂದ ಕೈಗಡ ತಂದು ಒಂದೆರಡು ದಿನ ಖಾತೆಯಲ್ಲಿಟ್ಟು ಸ್ಟೇಟ್‌ಮೆಂಟ್ ತೆಗೆಸಿದರೆ ಸಾಲದೇ?

ಉತ್ತರ: ಸಾಲದು. ಮೊತ್ತ ಸರಿಯಿದ್ದೂ ವೀಸಾ ಕೈತಪ್ಪುವುದು ಇಂಥ ಕಡೆಯೇ. ದುಡ್ಡು ಯಾರ ಹೆಸರಲ್ಲಿದೆ, ಎಷ್ಟು ದಿನದಿಂದ ಇದೆ, ಎಲ್ಲಿಂದ ಬಂತು ಅನ್ನುವುದನ್ನೂ ನೋಡುತ್ತಾರೆ.

ಮೊದಲು ಲೆಕ್ಕ ಮುಗಿಸೋಣ. ಹೆಚ್ಚಿನ ದೇಶಗಳಲ್ಲಿ ಲೆಕ್ಕದ ರೀತಿ ಒಂದೇ: ಮೊದಲ ವರ್ಷದ ಫೀಸು, ಅದರ ಮೇಲೆ ಸರ್ಕಾರ ಗೊತ್ತು ಮಾಡಿದ ಜೀವನ ಖರ್ಚು. ಆಸ್ಟ್ರೇಲಿಯಾ 2024ರ ಮೇ ತಿಂಗಳಿಂದ ಒಬ್ಬರ ವರ್ಷದ ಖರ್ಚಿಗೆ 29,710 ಆಸ್ಟ್ರೇಲಿಯನ್ ಡಾಲರ್ ಕೇಳುತ್ತಿದೆ. ಕೆನಡಾದಲ್ಲಿ, ಕ್ವಿಬೆಕ್ ಬಿಟ್ಟು ಉಳಿದ ಕಡೆ, 2025ರ ಸೆಪ್ಟೆಂಬರ್‌ನಿಂದ 22,895 ಕೆನಡಾ ಡಾಲರ್. ಇದೇ ಕೆನಡಾ 2023ರ ಕೊನೆಯವರೆಗೂ ಬರೀ 10,000 ಕೇಳುತ್ತಿತ್ತು! ಹಾಗಾಗಿ ಎರಡು ವರ್ಷ ಹಿಂದೆ ಹೋದ ಸೀನಿಯರ್ ಹೇಳಿದ ಅಂಕಿಯನ್ನು ನಂಬಿ ಕೂರಬೇಡಿ. ನಾನು ಇಲ್ಲಿ ಬರೆದಿರುವ ಅಂಕಿಗಳನ್ನೂ ಅಷ್ಟೇ. ಅರ್ಜಿ ಹಾಕುವ ಮುಂಚೆ ಆ ದೇಶದ ವಲಸೆ ಇಲಾಖೆಯ ವೆಬ್‌ಸೈಟಿನಲ್ಲಿ ಇನ್ನೊಮ್ಮೆ ನೋಡಿ.

ಅಮೆರಿಕದ ದಾರಿ ಬೇರೆ. ಅಲ್ಲಿ ಇಡೀ ದೇಶಕ್ಕೆ ಅಂತ ಒಂದು ಅಂಕಿ ಇಲ್ಲ. ವಿಶ್ವವಿದ್ಯಾಲಯವೇ ವರ್ಷದ ಖರ್ಚನ್ನು ಅಂದಾಜು ಮಾಡಿ ಐ-20 ಎಂಬ ಫಾರ್ಮಿನಲ್ಲಿ ಬರೆದು ಕೊಡುತ್ತದೆ. ದುಡ್ಡಿನ ದಾಖಲೆ ಮೊದಲು ವಿಶ್ವವಿದ್ಯಾಲಯಕ್ಕೆ, ಆಮೇಲೆ ಸಂದರ್ಶನದಲ್ಲಿ ವೀಸಾ ಅಧಿಕಾರಿಗೆ.

ನಿಮ್ಮ 'ಒಂದೆರಡು ದಿನ'ದ ಉಪಾಯ ಎಲ್ಲಿ ಮುಗ್ಗರಿಸುತ್ತದೆ ಅಂತ ತಿಳಿಯಲು ಬ್ರಿಟನ್ನಿನ ನಿಯಮ ನೋಡಿ. 2025ರ ನವೆಂಬರ್‌ನಿಂದ ಅಲ್ಲಿ ಲಂಡನ್‌ನಲ್ಲಿ ಓದುವವರು ತಿಂಗಳಿಗೆ 1,529 ಪೌಂಡ್, ಲಂಡನ್ ಹೊರಗೆ ಓದುವವರು 1,171 ಪೌಂಡ್ ತೋರಿಸಬೇಕು. ಹೆಚ್ಚೆಂದರೆ 9 ತಿಂಗಳಿಗೆ. ನಿಮ್ಮ ಕೋರ್ಸು ಲಂಡನ್ ಹೊರಗೆ, ಫೀಸು 18,000 ಪೌಂಡ್ ಅಂತಿಟ್ಟುಕೊಳ್ಳಿ. ಅದರಲ್ಲಿ 4,000 ಆಗಲೇ ಕಟ್ಟಿದ್ದೀರಿ, ವಿಶ್ವವಿದ್ಯಾಲಯ ಅದನ್ನು ನಿಮ್ಮ ಕ್ಯಾಸ್‌ನಲ್ಲಿ (ಸೀಟು ಖಚಿತ ಅಂತ ವೀಸಾ ಅರ್ಜಿಗಾಗಿ ಅದು ಕೊಡುವ ದಾಖಲೆ) ನಮೂದಿಸಿದೆ. ಉಳಿದ ಫೀಸು 14,000, ಒಂಬತ್ತು ತಿಂಗಳ ಖರ್ಚು 10,539. ಒಟ್ಟು 24,539 ಪೌಂಡ್.

ಈ ಮೊತ್ತ ಖಾತೆಯಲ್ಲಿ ಸತತ 28 ದಿನ ಇರಬೇಕು. ಆ 28 ದಿನ ಮುಗಿದು ಅರ್ಜಿ ಹಾಕುವ ಹೊತ್ತಿಗೆ 31 ದಿನಕ್ಕಿಂತ ಜಾಸ್ತಿ ಆಗಿರಬಾರದು. ಹತ್ತೊಂಬತ್ತನೇ ದಿನ ಅದೇ ಖಾತೆಯಿಂದ ವಿಮಾನದ ಟಿಕೆಟ್ ತೆಗೆದುಕೊಂಡಿರಿ, ಬ್ಯಾಲೆನ್ಸ್ 24,100ಕ್ಕೆ ಇಳಿಯಿತು ಅನ್ನಿ. ಮರುದಿನವೇ ತುಂಬಿಸಿದರೂ ಎಣಿಕೆ ಮತ್ತೆ ಒಂದರಿಂದ ಶುರು. ಖಾತೆ ಬೇರೆ ಕರೆನ್ಸಿಯಲ್ಲಿದ್ದರೆ ಇನ್ನೊಂದು ತಲೆನೋವು: ಅರ್ಜಿ ಹಾಕಿದ ದಿನದ ವಿನಿಮಯ ದರವನ್ನು ಹಿಡಿಯುತ್ತಾರೆ. ಇಪ್ಪತ್ತೆಂಟು ದಿನ ಹಿಂದೆ ಸರಿಯಾಗಿದ್ದ ಮೊತ್ತ ಆ ದಿನ ಕಡಿಮೆ ಬೀಳಬಹುದು. ಅದಕ್ಕೇ ಸ್ವಲ್ಪ ಜಾಸ್ತಿಯೇ ಇಡಿ, ಮತ್ತೆ ಆ ಖಾತೆಯನ್ನು ಮುಟ್ಟಬೇಡಿ.

ಇನ್ನು ನೆಂಟರ ದುಡ್ಡು. ಬ್ರಿಟನ್ನಿಗೆ ನಿಮ್ಮ ಖಾತೆ ನಡೆಯುತ್ತದೆ. ತಂದೆ ತಾಯಿಯದೂ ನಡೆಯುತ್ತದೆ, ಆದರೆ ಜನನ ಪ್ರಮಾಣಪತ್ರ ಮತ್ತು ಅವರ ಒಪ್ಪಿಗೆ ಪತ್ರ ಜೊತೆಗಿರಬೇಕು. ಚಿಕ್ಕಪ್ಪನ, ಮಾವನ ಖಾತೆ ತೋರಿಸುವ ಹಾಗಿಲ್ಲ. ಅವರು ಕೊಡುವುದಾದರೆ ನಿಮ್ಮ ಖಾತೆಗೇ ಹಾಕಬೇಕು, ಅಲ್ಲಿಂದ 28 ದಿನ. ಷೇರು, ಬಾಂಡ್, ಪಿಂಚಣಿ ನಿಧಿ ಲೆಕ್ಕಕ್ಕಿಲ್ಲ. ಬೇರೆ ದೇಶಗಳಲ್ಲಿ ದಿನದ ಎಣಿಕೆ ಇಷ್ಟು ಕಟ್ಟುನಿಟ್ಟಾಗಿ ಇಲ್ಲದಿರಬಹುದು. ಆದರೂ ನಿನ್ನೆ ಮೊನ್ನೆ ದಿಢೀರನೆ ಬಂದು ಬಿದ್ದ ದೊಡ್ಡ ಮೊತ್ತ ಅಧಿಕಾರಿಯ ಕಣ್ಣಿಗೆ ಬೀಳದೆ ಇರುತ್ತಾ? ಎಲ್ಲಿಂದ ಬಂತು ಅಂದರೆ ತೋರಿಸಲು ಕಾಗದ ಇರಲಿ: ಜಾಗ ಮಾರಿದ್ದಾದರೆ ಅದರ ಪತ್ರ, ಠೇವಣಿ ಮುರಿಸಿದ್ದಾದರೆ ಅದರ ರಸೀದಿ.

'ಸ್ಟೇಟ್‌ಮೆಂಟ್ ಮಾಡಿಸಿಕೊಡ್ತೀವಿ' ಅನ್ನುವ ಏಜೆಂಟರೂ ಸಿಗುತ್ತಾರೆ. ಅತ್ತ ತಲೆ ಹಾಕಬೇಡಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಕೆನಡಾ 5 ವರ್ಷ, ಬ್ರಿಟನ್ 10 ವರ್ಷದವರೆಗೂ ಬಾಗಿಲು ಹಾಕಬಹುದು. ಅಮೆರಿಕದಲ್ಲಂತೂ ಅದು ಜೀವನಪೂರ್ತಿ ಕಾಡಬಹುದು.

ನನ್ನನ್ನು ಕೇಳಿದರೆ, ಕೈಗಡಕ್ಕಿಂತ ಶಿಕ್ಷಣ ಸಾಲವೇ ವಾಸಿ. ಬಡ್ಡಿ ಇದೆ, ನಿಜ. ಆದರೆ ಬ್ಯಾಂಕಿನ ಮಂಜೂರಾತಿ ಪತ್ರ ಇದ್ದರೆ ಬ್ರಿಟನ್ನಿನಲ್ಲಿ 28 ದಿನದ ತಾಪತ್ರಯವೇ ಇಲ್ಲ. ಪತ್ರ ಅರ್ಜಿಯ ದಿನಕ್ಕೆ 6 ತಿಂಗಳಿಗಿಂತ ಹಳೆಯದಾಗಿರಬಾರದು, ಅಷ್ಟೇ ನೋಡಿಕೊಳ್ಳಿ. ಇನ್ನೊಂದು ಮಾತು, ಕೈಗಡದ ದುಡ್ಡು ವೀಸಾ ಬಂದ ಮೇಲೆ ವಾಪಸ್ ಹೋಗುತ್ತದೆ ಅಲ್ವಾ? ಅಲ್ಲಿಗೆ ಹೋದ ಮೇಲೆ ಬದುಕುವುದು ಯಾವುದರಲ್ಲಿ?

ಜರ್ಮನಿ ಈ ಪ್ರಶ್ನೆಗೇ ಬೀಗ ಹಾಕಿದೆ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಆದರೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ಮೊದಲೇ ತುಂಬಬೇಕು. ಹೋದ ಮೇಲೆ ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಹೊರಬರುತ್ತದೆ. ಇಲ್ಲಿ ಒಂದು ಗುಂಡಿ ಇದೆ. ಮನೆ ಮಾಲೀಕರು ಮೂರು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳಲು ಕಾನೂನಿನಲ್ಲಿ ಅವಕಾಶ ಇದೆ. ಜೊತೆಗೆ ಮೊದಲ ತಿಂಗಳ ಬಾಡಿಗೆ, ಹಾಸಿಗೆ, ಪಾತ್ರೆ. 992ರಲ್ಲಿ ಇದೆಲ್ಲ ಆಗುವ ಮಾತಲ್ಲ. ಯಾವ ದೇಶಕ್ಕೇ ಹೋಗಲಿ, ತೋರಿಸುವ ಮೊತ್ತದ ಆಚೆಗೆ ಮೊದಲೆರಡು ತಿಂಗಳಿಗೆ ಅಂತ ಕೈಯಲ್ಲಿ ಬೇರೆ ದುಡ್ಡು ಬೇಕು.

ಪಾರ್ಟ್‌ಟೈಮ್ ಕೆಲಸ ಮಾಡಿ ಸರಿದೂಗಿಸುತ್ತೇನೆ ಅಂತ ಅರ್ಜಿಯಲ್ಲಿ ಬರೆದರೆ ನಡೆಯುವುದಿಲ್ಲ. ಮುಂದೆ ಗಳಿಸುವ ದುಡ್ಡನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಂಟೆಗೂ ಮಿತಿ ಇದೆ: ತರಗತಿ ನಡೆಯುವಾಗ ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ವಾರಕ್ಕೆ 20, ಕೆನಡಾದಲ್ಲಿ ಕ್ಯಾಂಪಸ್ ಹೊರಗೆ 24, ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48 ಗಂಟೆ.

ಇಷ್ಟೆಲ್ಲ ಕೂಡಿ ಕಳೆದ ಮೇಲೂ ದುಡ್ಡು ಸಾಲದೇ ಬಂದರೆ ಸುಮ್ನೆ ಅರ್ಜಿ ಹಾಕಿ ತಿರಸ್ಕಾರದ ಮೊಹರು ಬೀಳಿಸಿಕೊಳ್ಳಬೇಡಿ. ಮುಂದೆ ಯಾವ ದೇಶದ ವೀಸಾ ಫಾರ್ಮಿನಲ್ಲೂ ಅದನ್ನು ಕೇಳುವ ಸಾಧ್ಯತೆ ಇದೆ. ಬದಲಿಗೆ ವಿಶ್ವವಿದ್ಯಾಲಯಕ್ಕೆ ಮೇಲ್ ಹಾಕಿ, ಸೀಟನ್ನು ಮುಂದಿನ ಇನ್‌ಟೇಕ್‌ಗೆ, ಅಂದರೆ ಮುಂದಿನ ಸಲದ ಪ್ರವೇಶಕ್ಕೆ, ಡೆಫರ್ ಮಾಡಲು (ಮುಂದೂಡಲು) ಆಗುತ್ತಾ ಕೇಳಿ. ಎಷ್ಟೋ ಕಡೆ ಒಪ್ಪುತ್ತಾರೆ. ಈಗಾಗಲೇ ಕಟ್ಟಿದ ಡೆಪಾಸಿಟ್ ಮುಂದಿನ ಸಲಕ್ಕೆ ಜಮಾ ಆಗುತ್ತಾ, ಸ್ಕಾಲರ್‌ಶಿಪ್ ಇದ್ದರೆ ಅದು ಉಳಿಯುತ್ತಾ ಅಂತಲೂ ಅದೇ ಮೇಲ್‌ನಲ್ಲಿ ಕೇಳಿಬಿಡಿ.